ಕ್ಯೂ ಉದ್ಯಾನದ ಪಾಮ್ ಹೌಸ್‌ಗೆ ಕೊಡಗಿನಿಂದ ಹೊರಟವರಿಗೆ

ಡಿಸೆಂಬರಿನಲ್ಲಿ ಮಗನ ಮನೆಗೆ ಲಂಡನ್ನಿಗೆ ಹೋಗ್ತಿದ್ದೇವೆ, ಜೊತೆಗೆ ಎಪ್ಪತ್ತು ದಾಟಿದ ತಾಯಿ ಇದ್ದಾರೆ, ವಿರಾಜಪೇಟೆಯ ತೋಟದ ಹಿಂದೆಯೇ ಕಾಡಿರುವಾಗ ಕ್ಯೂ ಉದ್ಯಾನದ ಮಳೆಕಾಡಿನ ಗಾಜಿನ ಮನೆಗೆ, ಅಂದರೆ ಪಾಮ್ ಹೌಸ್‌ಗೆ, ದುಡ್ಡು ಕೊಟ್ಟು ಹೋಗಬೇಕೇ ಅಂತ ಕೇಳಿದ್ದೀರಿ. ಹೋಗಲೇಬೇಕು ಅನ್ನುತ್ತೇನೆ. ಕಾಡು ನೋಡಲು ಅಲ್ಲ, ಅದಕ್ಕೆ ಬ್ರಹ್ಮಗಿರಿ ಸಾಕು. ನಮ್ಮ ತೋಟದ ಗಿಡಗಳ ತವರು ಯಾವುದು, ಅವನ್ನು ಹಿಮ ಬೀಳುವ ಊರಿನಲ್ಲಿ ಹೇಗೆ ಬದುಕಿಸಿಡುತ್ತಾರೆ ಅನ್ನೋದನ್ನು ನೋಡಲು.

ಮೊದಲು ದಿನಾಂಕ ನೋಡಿಕೊಳ್ಳಿ. ಪಾಮ್ ಹೌಸನ್ನು 2027ರಿಂದ ಸುಮಾರು ಐದು ವರ್ಷ ದುರಸ್ತಿಗೆ ಮುಚ್ಚುವ ಯೋಜನೆ ಪ್ರಕಟವಾಗಿದೆ. ಮುಚ್ಚಿದ್ದರೆ ಅದೇ ಉದ್ಯಾನದ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿಗೆ ಹೋಗಿ. 1987ರಲ್ಲಿ ತೆರೆದದ್ದು, ಮರುಭೂಮಿಯಿಂದ ಮಳೆಕಾಡಿನವರೆಗೆ ಒಟ್ಟು 10 ಬಗೆಯ ಹವೆ ಒಂದೇ ಸೂರಿನಡಿ ಇದೆ. ಡಿಸೆಂಬರ್ 24, 25ರಂದು ಉದ್ಯಾನಕ್ಕೆ ರಜೆ. ಸಂಜೆಯ ಕ್ರಿಸ್‌ಮಸ್ ದೀಪಾಲಂಕಾರಕ್ಕೆ ಬೇರೆಯದೇ ಟಿಕೆಟ್, ಅದನ್ನು ತೆಗೆದು ಗಾಜಿನ ಮನೆ ನೋಡುತ್ತೇವೆ ಎಂದುಕೊಳ್ಳಬೇಡಿ. ಆ ತಿಂಗಳಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗಿ. ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಕ್ಯೂ ಗಾರ್ಡನ್ಸ್ ನಿಲ್ದಾಣಕ್ಕೆ ಇಳಿದರೆ ವಿಕ್ಟೋರಿಯಾ ಗೇಟ್ ಕೆಲವೇ ನಿಮಿಷದ ನಡಿಗೆ. ಪಾಮ್ ಹೌಸ್ ಆ ಗೇಟಿಗೆ ಹತ್ತಿರ.

ಹೆಚ್ಚಿನವರು ತೊಂದರೆಪಡುವುದು ಬಾಗಿಲಲ್ಲೇ. ಹೊರಗೆ 5 ಡಿಗ್ರಿ ಆಸುಪಾಸಿನ ಚಳಿ, ಒಳಗೆ ನಮ್ಮ ಜೂನ್ ತಿಂಗಳಿನ ತೇವ, ಅದರ ಮೇಲೆ ಬೆಚ್ಚಗೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ ಕನ್ನಡಕ, ಮೊಬೈಲ್, ಕ್ಯಾಮೆರಾ ಎಲ್ಲದರ ಮೇಲೂ ಹನಿ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ, ಯಾಕೆಂದರೆ ಗಾಜು ಇನ್ನೂ ತಣ್ಣಗೇ ಇರುತ್ತದೆ. ಕ್ಯಾಮೆರಾವನ್ನು ಹೊರಗಿರುವಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಒಳಗೆ ಹೋದ ಮೇಲೆ 20 ನಿಮಿಷ ಚೀಲದಲ್ಲೇ ಬಿಡಿ. ಹನಿ ಚೀಲದ ಹೊರಮೈಗೆ ಕೂರುತ್ತದೆ, ಲೆನ್ಸ್ ಒಣಗಿಯೇ ಇರುತ್ತದೆ. ಒಳಗೆ ಲೆನ್ಸ್ ಬದಲಾಯಿಸಲೇಬೇಡಿ. ಮೊಬೈಲನ್ನು ಒಳಗಿನ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡರೆ ಸಾಕು. ತಾಯಿಯವರಿಗೆ ದಪ್ಪದ ಒಂದೇ ಕೋಟಿನ ಬದಲು ಮೂರು ತೆಳು ಪದರ ಹಾಕಿಸಿ, ಒಂದೊಂದಾಗಿ ತೆಗೆಯಬಹುದು. ಹೊರಡುವಾಗ ಬಾಗಿಲಿನ ಒಳಗೆ ನಿಂತೇ ಬೆವರು ಒರೆಸಿಕೊಂಡು ಎಲ್ಲವನ್ನೂ ಮತ್ತೆ ಹಾಕಿಕೊಳ್ಳಲಿ.

ಮೇಲಿನ ಮೊಗಸಾಲೆಗೆ ಕಬ್ಬಿಣದ ಸುರುಳಿ ಮೆಟ್ಟಿಲು ಇದೆ. ಕಿರಿದು, ಗಿಡಗಳಿಗೆ ನೀರಿನ ಮಂಜು ಬಿಟ್ಟಾಗ ಒದ್ದೆಯಾಗುತ್ತದೆ, ಬಿಸಿಗಾಳಿ ಮೇಲೇರುವುದರಿಂದ ಮೇಲೆ ಸೆಕೆಯೂ ಜಾಸ್ತಿ. ತಾಯಿಯವರು ಕೆಳಗೇ ಇರಲಿ. ನೀವು ಮಾತ್ರ ಹತ್ತಿ. ನೆಲದಿಂದ ಬರೀ ಕಾಂಡವಾಗಿ ಕಂಡ ತಾಳೆಗಳ ತಲೆ ಅಲ್ಲಿ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ಮರಗಸಿ ಮಾಡಿಸುವಾಗ, ಅಂದರೆ ತೋಟದ ನೆರಳುಮರಗಳ ಕೊಂಬೆ ಕಡಿಸುವಾಗ, ಮರ ಹತ್ತಿದವನಿಗೆ ಮಾತ್ರ ಕಾಣುವ ನೋಟ ಅದು.

ಕೆಳಗೆ ದಕ್ಷಿಣದ ತುದಿಯಿಂದ ಶುರು ಮಾಡಿ. ಆ ಭಾಗ ಆಫ್ರಿಕಾ, ನಡುವೆ ಅಮೆರಿಕ, ಉತ್ತರಕ್ಕೆ ಏಷ್ಯಾ ಮತ್ತು ಪೆಸಿಫಿಕ್. ನಾವು ನಮ್ಮದೇ ಅಂದುಕೊಂಡ ರೋಬಸ್ಟಾ ಕಾಫಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡಿನದ್ದು, ಅರೇಬಿಕಾ ಇಥಿಯೋಪಿಯಾ ಕಡೆಯದ್ದು, ರಬ್ಬರ್ ಅಮೆಜಾನಿನದ್ದು. ಕರಿಮೆಣಸು ಮಾತ್ರ ನಮ್ಮ ಘಟ್ಟದ್ದೇ. ಕ್ಯೂನ ವಿಜ್ಞಾನಿಗಳು 2019ರಲ್ಲಿ ಲೆಕ್ಕ ಹಾಕಿದಂತೆ ಜಗತ್ತಿನ 124 ಕಾಡು ಕಾಫಿ ಜಾತಿಗಳಲ್ಲಿ 75 ಅಳಿವಿನ ಅಂಚಿನ ಕಡೆ ಜಾರುತ್ತಿವೆ. ಕಾಫಿಯನ್ನೇ ನಂಬಿದ ಜಿಲ್ಲೆಯವರಿಗೆ ಇದು ಸಣ್ಣ ಮಾತಲ್ಲ, ಮುಂದೆ ರೋಗ ತಡೆಯುವ ತಳಿ ಬೇಕಾದರೆ ಆ ಕಾಡುಗಿಡಗಳಿಂದಲೇ ತರಬೇಕು.

ಆಫ್ರಿಕಾ ಭಾಗದಲ್ಲೇ ಕುಂಡದಲ್ಲಿ ಒಂದು ಮುದುಕ ಸೈಕಾಡ್ ಇದೆ, ದಕ್ಷಿಣ ಆಫ್ರಿಕಾದಿಂದ ಕ್ಯೂಗಾಗಿ ಗಿಡ ಸಂಗ್ರಹಿಸುತ್ತಿದ್ದ ಫ್ರಾನ್ಸಿಸ್ ಮ್ಯಾಸನ್ 1775ರಲ್ಲಿ ತಂದದ್ದು. ನೋಡಲು ತಾಳೆಯ ಹಾಗಿದ್ದರೂ ತಾಳೆ ಅಲ್ಲ, ಹೂ ಬಿಡದೆ ಶಂಕು ಬಿಡುವ ಪುರಾತನ ಗಿಡಗಳ ಗುಂಪಿನದ್ದು. ನಾಲ್ಕು ಮೀಟರಿಗೂ ಉದ್ದದ ಕಾಂಡ ಓರೆಯಾಗಿ ಆನಿಕೆಯ ಮೇಲೆ ಒರಗಿದೆ. ಅಷ್ಟು ಉದ್ದವಾಗಲು ಇನ್ನೂರೈವತ್ತು ವರ್ಷ ಹಿಡಿದಿದೆ. ಕ್ಯೂಗೆ ಬಂದ ಮೇಲೆ ಶಂಕು ಬಿಟ್ಟದ್ದು 1819ರಲ್ಲಿ ಒಂದೇ ಸಲ. ಅಲ್ಲಿ ಐದು ನಿಮಿಷವಾದರೂ ನಿಲ್ಲಿ.

ಇಂಥ ಬೆಚ್ಚಗಿನ ಗಾಜಿನ ಮನೆಗಳಿಗೆ ಮಳೆಯೂ ಗಾಳಿಯೂ ಇಲ್ಲದ್ದರಿಂದ ಹಿಟ್ಟುತಿಗಣೆ ಕಾಟ ತಪ್ಪಿದ್ದಲ್ಲ. ಎಲೆಯ ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂತಿರುತ್ತದೆ, ನಿಮಗೆ ಹೇಳಿಕೊಡಬೇಕಿಲ್ಲ. ಜನ ಓಡಾಡುವ ಜಾಗದಲ್ಲಿ ವಿಷ ಹೊಡೆಯಲಾಗದು, ಅದಕ್ಕೆ ಹುಳ ತಿನ್ನುವ ಹುಳಗಳನ್ನೇ ಬಿಡುತ್ತಾರೆ. ಕೊಂಬೆಗೆ ಪುಟ್ಟ ಕಾಗದದ ಪೊಟ್ಟಣ ನೇತಾಡುತ್ತಿದ್ದರೆ ಅದು ಕಸ ಅಲ್ಲ, ಅಂಥ ಹುಳಗಳ ಪೊಟ್ಟಣ. ಮುಟ್ಟಬೇಡಿ.

ಲಾಲ್‌ಬಾಗಿನ ಗಾಜಿನ ಮನೆ ನೋಡಿದವರು ಇದೂ ಅಷ್ಟೇ ಅಂದುಕೊಳ್ಳುವುದುಂಟು. ಅದು ಫಲಪುಷ್ಪ ಪ್ರದರ್ಶನದ ಮಂಟಪ. ಇಲ್ಲಿ ಕಟ್ಟಡವೇ ಒಂದು ಯಂತ್ರ. 1844ರಿಂದ 1848ರವರೆಗೆ ಹಡಗು ಕಟ್ಟುವ ತೊಲೆಗಳ ಮಾದರಿಯಲ್ಲಿ ಕಬ್ಬಿಣ ಬಾಗಿಸಿ ಎತ್ತಿದ್ದು, ಸುಮಾರು 16,000 ಗಾಜುಗಳಿವೆ. ಒಲೆಗಳು ನೆಲಮಾಳಿಗೆಯಲ್ಲಿದ್ದವು. ಹೊಗೆ ಗಾಜಿಗೆ ಮಸಿ ಹಿಡಿಸಬಾರದೆಂದು ಸುರಂಗದಲ್ಲಿ ದೂರದ ಗೋಪುರಕ್ಕೆ ಸಾಗಿಸಿದರು, ಆದರೆ ಅಷ್ಟು ಉದ್ದಕ್ಕೆ ಹೊಗೆ ಸರಿಯಾಗಿ ಎಳೆಯಲಿಲ್ಲ, ನೆಲಮಾಳಿಗೆಗೆ ನೀರೂ ನುಗ್ಗುತ್ತಿತ್ತು. ವಿಕ್ಟೋರಿಯಾ ಗೇಟಿನ ಪಕ್ಕದ ಇಟ್ಟಿಗೆ ಗೋಪುರವೇ ಆ ಚಿಮಣಿ. ಎಷ್ಟೋ ಜನ ಅದನ್ನು ಗಂಟೆಗೋಪುರ ಅಂದುಕೊಂಡು ದಾಟಿಬಿಡುತ್ತಾರೆ.

ಇನ್ನೊಂದು, ಕಾಫಿ ಹಣ್ಣು ಕಾಲ ಬುಡದಲ್ಲೇ ಬಿದ್ದಿದ್ದರೂ ಜೇಬಿಗೆ ಹಾಕಬೇಡಿ. ಪರವಾನಗಿ ಇಲ್ಲದೆ ಬೀಜ ತರುವುದು ಕಾನೂನುಬಾಹಿರ. ಅದಕ್ಕಿಂತ ಹೆಚ್ಚಾಗಿ, ಒಂದು ಬೀಜದ ಜೊತೆ ಬರುವ ರೋಗ ನಿಮ್ಮ ತೋಟದ ಬೇಲಿಯಲ್ಲಿ ನಿಲ್ಲುವುದಿಲ್ಲ.