ಮೂರು ಸೆನ್ಸರ್ ಇದ್ದರೆ ಸಾಕಾ?

ಪ್ರಶ್ನೆ: ವಿಮಾನದಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಸೆನ್ಸರ್ ಇರುತ್ತವಂತೆ. ಹಾಗಿದ್ದೂ ಸೆನ್ಸರ್ ಕೆಟ್ಟು ವಿಮಾನ ಬೀಳೋದು ಹೇಗೆ?

ಉತ್ತರ: ಎಷ್ಟು ಸೆನ್ಸರ್ ಇವೆ ಅನ್ನೋದಕ್ಕಿಂತ ಕಂಪ್ಯೂಟರ್ ಯಾವುದರ ಮಾತು ಕೇಳುತ್ತದೆ ಅನ್ನೋದು ಮುಖ್ಯ. ಬೋಯಿಂಗ್ 737 ಮ್ಯಾಕ್ಸ್ ವಿಮಾನವನ್ನೇ ನೋಡಿ. ಮೂಗಿನ ಎರಡೂ ಬದಿಗೆ ಪುಟ್ಟ ರೆಕ್ಕೆಯಂಥ ಸೆನ್ಸರ್ ಇದೆ. ಎದುರು ಗಾಳಿಗೆ ಅದು ತಿರುಗುತ್ತದೆ, ಮೂಗು ಗಾಳಿಗೆ ಎಷ್ಟು ಮೇಲೆದ್ದಿದೆ ಅಂತ ಅದರಿಂದ ಗೊತ್ತಾಗುತ್ತದೆ. ಎರಡಿದ್ದರೂ, ಮೂಗು ಅತಿಯಾಗಿ ಮೇಲೆದ್ದರೆ ಕೆಳಗಿಳಿಸುವ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಒಂದು ಹಾರಾಟದಲ್ಲಿ ಒಂದನ್ನೇ ನಂಬುತ್ತಿತ್ತು! ಆ ಒಂದು ಸುಳ್ಳು ಹೇಳಿದಾಗ ಸಾಫ್ಟ್‌ವೇರ್ ಮೂಗನ್ನು ಮತ್ತೆ ಮತ್ತೆ ಕೆಳಗೆ ಒತ್ತಿತು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ತರು. ಆಚೆ ಬದಿಯ ಸೆನ್ಸರ್ ಸರಿಯಾಗೇ ಇತ್ತು, ಅದನ್ನು ಕೇಳಲೇ ಇಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಮೇಲೆ ಬದಲಾಯಿಸಿದರು: ಈಗ ಎರಡನ್ನೂ ಹೋಲಿಸುತ್ತದೆ, ತಾಳೆಯಾಗದಿದ್ದರೆ ಎಂಕ್ಯಾಸ್ ಸುಮ್ಮನಾಗುತ್ತದೆ.

ಪ್ರಶ್ನೆ: ಹಾಗಾದರೆ ಮೂರು ಇಟ್ಟು, ಎರಡು ಹೇಳಿದ್ದನ್ನು ನಂಬಿದರೆ ಆಯ್ತಲ್ವಾ?

ಉತ್ತರ: ಬಹಳ ಸಲ ಆಗುತ್ತದೆ. ಆದರೆ 2008ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಪರ್ಪಿನ್ಯಾನ್ ಬಳಿ ಏನಾಯಿತು ಕೇಳಿ. ಪೇಂಟ್ ಹೊಡೆಯುವ ಮೊದಲು ಒಂದು ಏರ್‌ಬಸ್ ಎ320 ವಿಮಾನವನ್ನು ನೀರು ಹಾಕಿ ತೊಳೆದರು, ಮೂಗಿನ ಕೋನ ಅಳೆಯುವ ಮೂರು ಸೆನ್ಸರ್‌ಗಳಿಗೆ ಮುಚ್ಚಳ ಹಾಕಿರಲಿಲ್ಲ. ಒಳಗೆ ಹೋದ ನೀರು ಮೇಲೆ ಹಾರಿದಾಗ ಹೆಪ್ಪುಗಟ್ಟಿ, ಮೂರರಲ್ಲಿ ಎರಡು ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಸಿಕ್ಕಿಕೊಂಡವು. ಕಂಪ್ಯೂಟರ್ ಎರಡರ ಮಾತು ನಂಬಿ, ಸರಿ ಹೇಳುತ್ತಿದ್ದ ಮೂರನೆಯದನ್ನೇ ಪಕ್ಕಕ್ಕಿಟ್ಟಿತು. ಅದು ಪರೀಕ್ಷೆಯ ಹಾರಾಟ. ಕಡಿಮೆ ಎತ್ತರದಲ್ಲಿ ವೇಗ ಇಳಿಸಿ ನೋಡುವಾಗ ಕಂಪ್ಯೂಟರ್‌ನಿಂದ ಸಿಗಬೇಕಾದ ರಕ್ಷಣೆ ಸಿಗಲಿಲ್ಲ, ಒಳಗಿದ್ದ 7 ಜನರೂ ಹೋದರು. ಒಂದೇ ಥರದ ಸೆನ್ಸರ್‌ಗಳು ಒಂದೇ ಕಾರಣಕ್ಕೆ ಒಟ್ಟಿಗೆ ಕೆಡಬಹುದು. 2009ರಲ್ಲಿ ಅಟ್ಲಾಂಟಿಕ್ ಮೇಲೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲೂ ವೇಗ ಅಳೆಯುವ ಪೀಟೊ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿತ್ತು.

ಪ್ರಶ್ನೆ: ತಾನೇ ಓಡುವ ಕಾರನ್ನು ನಂಬಬಹುದಾ?

ಉತ್ತರ: ಅದು ಬೇರೆ ಬೇರೆ ಥರದ ಕಣ್ಣು ಇಟ್ಟುಕೊಂಡಿದ್ದರೆ ನಂಬಿಕೆ ಸ್ವಲ್ಪ ಜಾಸ್ತಿ. ಎದುರು ಬಿಸಿಲಿಗೆ ಕ್ಯಾಮೆರಾ ತಡವರಿಸುತ್ತದೆ, ಮಂಜಿನಲ್ಲೂ ರಾಡಾರ್‌ಗೆ ಕಾಣುತ್ತದೆ, ಲೇಸರ್ ಬೆಳಕಿನಿಂದ ನೋಡುವ ಲೈಡಾರ್ ದೂರವನ್ನು ಸರಿಯಾಗಿ ಅಳೆಯುತ್ತದೆ. ಆದರೆ ಕಂಡರೆ ಸಾಲದು. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿ ಊರಿನಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಹೊಡೆಯಿತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗೆ ಅವರು ಕಂಡಿದ್ದರು. ಸಾಫ್ಟ್‌ವೇರ್ ಮಾತ್ರ ವಾಹನ, ಬೇರೇನೋ, ಸೈಕಲ್ ಅಂತ ಮನಸ್ಸು ಬದಲಾಯಿಸುತ್ತಲೇ ಇತ್ತು. ಸೀಟಿನಲ್ಲಿ ಕೂತ ಚಾಲಕಿಯ ಕಣ್ಣು ರಸ್ತೆ ಮೇಲೆ ಇರಲಿಲ್ಲ. ಎತ್ತರದಲ್ಲಿರುವ ಪೈಲಟ್‌ಗೆ ಕೆಲವು ನಿಮಿಷ ಸಿಗಬಹುದು, ಕಾರಿನಲ್ಲಿ ಅಷ್ಟು ಹೊತ್ತು ಎಲ್ಲಿ? ಅದಕ್ಕೇ, ಗೊಂದಲವಾದರೆ ತಾನೇ ವೇಗ ಇಳಿಸಿ ಬದಿಗೆ ನಿಲ್ಲುವ ಕಾರನ್ನು ನಾನು ಜಾಸ್ತಿ ನಂಬುತ್ತೇನೆ.

ನಿಮ್ಮ ಕಾರಿನಲ್ಲಿ ತಾನೇ ಬ್ರೇಕ್ ಹಾಕುವ ಸೌಲಭ್ಯ ಇದ್ದರೆ, ಮುಂದಿನ ಗಾಜಿನ ಒಳಗೆ, ಕನ್ನಡಿಯ ಹಿಂದೆ ಕ್ಯಾಮೆರಾ ಇದೆಯಾ ನೋಡಿ. ಅದರ ಎದುರಿನ ಗಾಜು ಸ್ವಚ್ಛವಾಗಿರಲಿ. ಗಾಜು ಬದಲಾಯಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಅದರ ನೋಟವನ್ನು ಮತ್ತೆ ಸರಿಹೊಂದಿಸುವುದು) ಮಾಡಿದ್ದೀರಾ ಅಂತ ಕೇಳದೆ ಕಾರು ತರಬೇಡಿ.