ಓದುಗರ ಪ್ರಶ್ನೆ: ಗುರಾಣಿ ಲಾಂಛನ ಹೇಗಿರಬೇಕು?

ಪ್ರಶ್ನೆ: ಯುರೋಪಿನ ಪದ್ಧತಿಯಂತೆ ನನಗೊಂದು ಲಾಂಛನ ಬರೆಸಿದ್ದೇನೆ. ನೀಲಿ ಗುರಾಣಿ, ನಡುವೆ ಕೆಂಪು ಸಿಂಹ, ಸುತ್ತ ಪುಸ್ತಕ, ತಕ್ಕಡಿ, ವೀಣೆ, ನಕ್ಷತ್ರ. ಮೊಹರಿನಷ್ಟು ಚಿಕ್ಕದು ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಯಾಕೆ?

ಉತ್ತರ: ಮುಖ್ಯ ದೋಷ ಬಣ್ಣದ್ದು. ಈ ಪದ್ಧತಿಯಲ್ಲಿ ಹಳದಿ ಎಂದರೆ ಚಿನ್ನ, ಬಿಳಿ ಎಂದರೆ ಬೆಳ್ಳಿ, ಇವೆರಡೂ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಬಣ್ಣದ ಮೇಲೆ ಬಣ್ಣ, ಲೋಹದ ಮೇಲೆ ಲೋಹ ಕೂರಿಸಬಾರದು. ಜೆರುಸಲೇಮ್ ರಾಜ್ಯದ ಲಾಂಛನದಲ್ಲಿ ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳಿದ್ದವು ನಿಜ, ಆದರೆ ಅದು ಹೆಸರಾಂತ ಅಪವಾದ. ನೀಲಿ, ಕೆಂಪು ಎರಡೂ ಗಾಢವಾದ್ದರಿಂದ ದೂರಕ್ಕೆ ಒಂದರಲ್ಲೊಂದು ಕರಗುತ್ತವೆ. ಜೆರಾಕ್ಸ್ ಮಾಡಿದರಂತೂ ಎರಡೂ ಬೂದು ಬಣ್ಣ. ಸಿಂಹವನ್ನು ಚಿನ್ನದ್ದಾಗಿಸಿ. ಕೆಂಪು ಬೇಕೇ ಬೇಕೆಂದರೆ ನಾಲಿಗೆಗೆ, ಉಗುರಿಗೆ ಬಳಸಿ. ಅಷ್ಟು ಸಣ್ಣ ಭಾಗಕ್ಕೆ ಈ ನಿಯಮದ ಅಡ್ಡಿಯಿಲ್ಲ.

ಇನ್ನು ಆಕೃತಿಗಳ ಸಂತೆ. ಗುರಾಣಿ ಬಯೋಡೇಟಾ ಅಲ್ಲ. ಸಿಂಹ ಅಂಚಿಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ದೊಡ್ಡದಾಗಿ ಜಾಗ ತುಂಬಲಿ, ಅದರ ಮುಂಗಾಲಿಗೊಂದು ಬೆಳ್ಳಿಯ ಪುಸ್ತಕ ಕೊಡಿ, ಉಳಿದದ್ದನ್ನು ತೆಗೆಯಿರಿ. ಕೆಂಪೆಂದರೆ ಶೌರ್ಯ, ನೀಲಿಯೆಂದರೆ ನಿಷ್ಠೆ ಎಂಬ ಪಟ್ಟಿಗಳನ್ನು ನಂಬಿ ಬಣ್ಣ ಆರಿಸಬೇಕಿಲ್ಲ. ಎಲ್ಲರೂ ಒಪ್ಪಿದ ಅಂಥ ನಿಘಂಟು ಯಾವ ಕಾಲದಲ್ಲೂ ಇರಲಿಲ್ಲ. ಸಂಕೇತಕ್ಕೆ ಅರ್ಥ ಕೊಡುವವರು ನೀವೇ.

ಪ್ರಶ್ನೆ: ಸಿಂಹ ಬಲಕ್ಕೆ ನೋಡಬೇಕು ಎನ್ನುತ್ತಾರೆ. ಚಿತ್ರಗಳಲ್ಲೆಲ್ಲ ಎಡಕ್ಕೇ ಇದೆಯಲ್ಲ?

ಉತ್ತರ: ಬಲ ಎಂದರೆ ಗುರಾಣಿ ಹಿಡಿದವನ ಬಲ. ಎದುರಿನಿಂದ ನೋಡುವ ನಮಗೆ ಅದು ಎಡ.

ಪ್ರಶ್ನೆ: ಕಪ್ಪು ಮಸಿಯ ಮೊಹರಿನಲ್ಲಿ ಬಣ್ಣ ತೋರಿಸುವುದು ಹೇಗೆ? ಬೇರೆ ಕಲಾವಿದರು ಬರೆದರೆ ಲಾಂಛನ ಬದಲಾದಂತೆಯೇ?

ಉತ್ತರ: ಬಣ್ಣಕ್ಕೆ ಗೆರೆಗಳ ಪದ್ಧತಿಯಿದೆ, 1638ರಲ್ಲಿ ಪೆತ್ರಾ ಸಾಂಕ್ತಾ ಎಂಬ ಪಾದ್ರಿಯ ಪುಸ್ತಕದಿಂದ ಹೆಚ್ಚು ಬಳಕೆಗೆ ಬಂತು. ಚಿನ್ನಕ್ಕೆ ಚುಕ್ಕೆ, ಬೆಳ್ಳಿಗೆ ಖಾಲಿ, ಕೆಂಪಿಗೆ ಉದ್ದಗೆರೆ, ನೀಲಿಗೆ ಅಡ್ಡಗೆರೆ, ಕಪ್ಪಿಗೆ ಎರಡೂ ಸೇರಿದ ಜಾಳಿಗೆ. ಮೊಹರು ತೀರಾ ಚಿಕ್ಕದಾದರೆ ಗೆರೆಗಳ ನಡುವೆ ಮಸಿ ಕಟ್ಟಿಕೊಂಡು ಮುದ್ದೆಯಾಗುತ್ತದೆ. ಆಗ ಹೊರರೇಖೆಯೊಂದೇ ಸಾಕು.

ಕಲಾವಿದರು ಬದಲಾದರೆ ಚಿಂತೆಯಿಲ್ಲ. ಲಾಂಛನ ನಿಂತಿರುವುದು ಚಿತ್ರದ ಮೇಲಲ್ಲ, ಬರಹದ ವಿವರಣೆಯ ಮೇಲೆ. ಮೊದಲು ನೆಲದ, ಅಂದರೆ ಗುರಾಣಿಯ ಹಿನ್ನೆಲೆಯ ಬಣ್ಣ, ಆಮೇಲೆ ಮುಖ್ಯ ಆಕೃತಿ, ಅದರ ಭಂಗಿ, ಬಣ್ಣ, ಕೊನೆಗೆ ಚಿಕ್ಕಪುಟ್ಟದ್ದು. ನಿಮ್ಮದನ್ನು ಹೀಗೆ ಬರೆದಿಡಿ: ‘ನೀಲಿ ನೆಲ, ಹಿಂಗಾಲ ಮೇಲೆ ನಿಂತ ಚಿನ್ನದ ಸಿಂಹ, ನಾಲಿಗೆ ಉಗುರು ಕೆಂಪು, ಮುಂಗಾಲಲ್ಲಿ ಬೆಳ್ಳಿಯ ತೆರೆದ ಪುಸ್ತಕ.’ ಬಾಲದ ಸುರುಳಿ, ಕೇಸರದ ಎಳೆ, ನೀಲಿಯ ಛಾಯೆ ಕಲಾವಿದರ ಇಷ್ಟಕ್ಕೆ ಬಿಟ್ಟದ್ದು.