ಮಳೆಗಾಲದಲ್ಲಿ ಹಳೆಯ ಸ್ಕಾರ್ಪಿಯೊದಲ್ಲಿ ಚಾರ್ಮಾಡಿ ಘಾಟಿ ಇಳಿಯಬಹುದಾ? ಏನೇನು ನೋಡಿಕೊಳ್ಳಬೇಕು?

ನಿಮ್ಮ ಪ್ರಶ್ನೆಯನ್ನು ಪೂರ್ತಿ ಓದಿದೆ. ಇಷ್ಟು ವರ್ಷ ಆಲ್ಟೊ ಓಡಿಸಿದ್ದೀರಿ. ಈಗ 2017ರ ಸ್ಕಾರ್ಪಿಯೊ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದೀರಿ. ಜುಲೈನಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗಬೇಕು ಅಂತಿದ್ದೀರಿ. ‘ದೊಡ್ಡ ಗಾಡಿ, ಗಟ್ಟಿ ಗಾಡಿ, ಭಯ ಬೇಡ’ ಅಂತ ಗೆಳೆಯರು ಹೇಳಿದ್ದಾರೆ. ಮುಂದೆ ಕ್ರ್ಯಾಶ್ ಗಾರ್ಡ್, ಮೇಲೆ ಕ್ಯಾರಿಯರ್ ಹಾಕಿಸಲಾ ಅಂತಲೂ ಕೇಳಿದ್ದೀರಿ.

ನಾನು ಮೂಡಿಗೆರೆ ಕಡೆಯವನು. ಇಂಥದ್ದೇ ಗಾಡಿಯಲ್ಲಿ ಚಾರ್ಮಾಡಿ, ಶಿರಾಡಿ ಎರಡನ್ನೂ ವರ್ಷವಿಡೀ ಹತ್ತಿ ಇಳಿಯುತ್ತೇನೆ. ಖಂಡಿತ ಹೋಗಬಹುದು. ಆದರೆ ಕ್ರ್ಯಾಶ್ ಗಾರ್ಡ್‌ಗೆ, ಕ್ಯಾರಿಯರ್‌ಗೆ ಇಟ್ಟ ದುಡ್ಡನ್ನು ಟೈರಿಗೆ, ಬ್ರೇಕಿಗೆ ಹಾಕಿ. ‘ದೊಡ್ಡ ಗಾಡಿ, ಭಯ ಬೇಡ’ ಅನ್ನುವ ಮಾತನ್ನು ಮಾತ್ರ ದಯವಿಟ್ಟು ಮರೆತುಬಿಡಿ. ಘಾಟಿಯಲ್ಲಿ ದೊಡ್ಡ ಗಾಡಿಯನ್ನೇ ಜಾಸ್ತಿ ಹುಷಾರಾಗಿ ಓಡಿಸಬೇಕು.

ಯಾಕೆ ಅಂದರೆ, ನಿಮ್ಮ ಆಲ್ಟೊ ಸುಮಾರು 750 ಕೆಜಿ. ಸ್ಕಾರ್ಪಿಯೊ ಖಾಲಿ ಇದ್ದಾಗಲೇ ಸುಮಾರು 1,800 ಕೆಜಿ. ಆರು ಜನ, ಲಗೇಜು ಸೇರಿದರೆ 2,200 ದಾಟುತ್ತದೆ. ಇಳಿಜಾರಿನಲ್ಲಿ ಅಷ್ಟೂ ಭಾರ ಗಾಡಿಯನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ವೇಗ ಸ್ವಲ್ಪ ಏರಿದರೂ ಬ್ರೇಕಿಗೆ ಬೀಳುವ ಕೆಲಸ ಬಹಳ ಏರುತ್ತದೆ. 30ರಿಂದ 40ಕ್ಕೆ ಹೋದರೆ ವೇಗ ಮೂರನೇ ಒಂದು ಪಾಲು ಹೆಚ್ಚಾಯಿತು ಅಷ್ಟೇ. ಆದರೆ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರಿರುತ್ತದೆ. ಇದರ ಮೇಲೆ ಗಾಡಿ ಎತ್ತರ ಬೇರೆ. ಎತ್ತರದ ಸೀಟಿನಲ್ಲಿ ಕೂತವನಿಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ನಿಧಾನ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಆಲ್ಟೊದಲ್ಲಿ ತಿರುಗಿದ ವೇಗದಲ್ಲೇ ಇಲ್ಲಿ ಸ್ಟೇರಿಂಗ್ ಜೋರಾಗಿ ಎಳೆದರೆ ಗಾಡಿ ವಾಲುತ್ತದೆ. ಎದುರಿಗೆ ದನವೋ ನಾಯಿಯೋ ಬಂದಾಗ ಥಟ್ಟನೆ ಎಡಕ್ಕೆ ಎಳೆದು, ಮತ್ತೆ ಬಲಕ್ಕೆ ಎಳೆಯುವುದು ಇಂಥ ಗಾಡಿ ಮಗುಚುವ ದೊಡ್ಡ ಕಾರಣಗಳಲ್ಲಿ ಒಂದು. ಸ್ಟೇರಿಂಗ್ ನೇರ ಹಿಡಿದು ಬ್ರೇಕ್ ಗಟ್ಟಿಯಾಗಿ ಒತ್ತಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಡಿ ಗಡಗಡ ನಡುಗುತ್ತದೆ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ. ನಿಮ್ಮ ಗಾಡಿಯಲ್ಲಿ ಎಬಿಎಸ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರಲ್ಲಿ. ನಿಮ್ಮದು ಅದಕ್ಕಿಂತ ಹಳೆಯದು. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿ, ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಒಂದೋ ಎಬಿಎಸ್ ಇಲ್ಲ, ಇಲ್ಲವೇ ಬಲ್ಬ್ ಹೋಗಿದೆ. ಆರದೇ ಉಳಿದರೆ ಎಬಿಎಸ್ ಕೆಟ್ಟಿದೆ ಅಂತಲೇ ಅರ್ಥ.

ಈಗ ಇಳಿಯುವ ವಿಷಯ. ಇದನ್ನು ಸರಿಯಾಗಿ ಕಲಿತರೆ ಅರ್ಧ ಘಾಟಿ ಇಳಿದ ಹಾಗೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟ ಮೇಲೆ ಇಳಿಜಾರು ಶುರುವಾದರೆ ಚಾರ್ಮಾಡಿ ಊರಿನವರೆಗೂ ತಿರುವಿನ ಮೇಲೆ ತಿರುವು. ಈ ಇಳಿಜಾರನ್ನು ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಅಂದರೆ ಹೆಚ್ಚಿನ ಕಡೆ ಸೆಕೆಂಡ್, ಸ್ವಲ್ಪ ಹಗುರ ಇಳಿಜಾರಿದ್ದರೆ ಥರ್ಡ್. ಗೇರನ್ನು ತಿರುವಿಗೆ ಮೊದಲೇ ಇಳಿಸಿ, ತಿರುವಿನ ಮಧ್ಯದಲ್ಲಿ ಕ್ಲಚ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಸದಾ ಸವರುತ್ತಾ ಇಳಿಯಬೇಡಿ. ಒಮ್ಮೆ ಚೆನ್ನಾಗಿ ಒತ್ತಿ ವೇಗ ಇಳಿಸಿ, ಬಿಡಿ. ಮತ್ತೆ ಏರಿದರೆ ಮತ್ತೆ ಒತ್ತಿ, ಬಿಡಿ. ಹೀಗೆ ಮಾಡಿದರೆ ಬ್ರೇಕಿಗೆ ಆರಲು ಸಮಯ ಸಿಗುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮಂಥ ಕಾಮನ್ ರೈಲ್ ಎಂಜಿನ್‌ನಲ್ಲಿ ಗೇರ್ ಹಾಕಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ ಹೋಗುವುದೇ ನಿಂತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಇನ್ನೂ ಕೆಟ್ಟದ್ದು. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ, ಪೆಡಲ್ ಹಗುರ ಮಾಡುವ ಬೂಸ್ಟರ್‌ನ ಸಹಾಯ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೇರಿಂಗೂ ಬಿಗಿಯುತ್ತದೆ.

ಬ್ರೇಕ್ ವಾಸನೆ ಬಂದರೆ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋದರೆ, ಮುಂದೆ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಹೇಗೂ ಎಲ್ಲರೂ ನಿಲ್ಲಿಸುತ್ತಾರೆ. ಗುಡ್ಡದ ಬುಡದಲ್ಲಿ ಮಾತ್ರ ನಿಲ್ಲಿಸಬೇಡಿ, ಮಳೆಯಲ್ಲಿ ಕಲ್ಲು ಉರುಳುತ್ತದೆ. ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕ್ ಮೇಲೆ ನೀರು ಎರಚಬೇಡಿ.

ಬ್ರೇಕ್ ಪೆಡಲ್ ಆಳಕ್ಕೆ ಹೋಗುವುದಕ್ಕೆ ಬಹಳ ಸಲ ಕಾರಣ ಯಾರೂ ಗಮನಿಸದ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿ ಹಳತಾದರೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಡಾಟ್ 3 ಆದರೆ ಇನ್ನೂ ಕಡಿಮೆ. ಕುದಿದರೆ ಪೈಪಿನಲ್ಲಿ ಗುಳ್ಳೆ ತುಂಬುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆಗೆ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನ ಮಾಲೀಕ ಅದನ್ನು ಯಾವಾಗ ಬದಲಿಸಿದ ಅಂತ ಗೊತ್ತಾಗುವುದೇ ಇಲ್ಲ. ಆದ್ದರಿಂದ ಹೊರಡುವ ಮೊದಲು ಪೂರ್ತಿ ಹೊಸದು ಹಾಕಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಯಾವ ಆಯಿಲ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಮುಂದಿನ ಪ್ಯಾಡ್ ನೋಡುವಾಗ ಹಿಂದಿನ ಡ್ರಮ್ಮನ್ನೂ ಬಿಚ್ಚಿಸಿ ನೋಡಿ. ಹಿಂದಿನದು ಬಿಚ್ಚಲು ಕೆಲಸ ಜಾಸ್ತಿ ಅಂತ ಗ್ಯಾರೇಜಿನಲ್ಲಿ ‘ಅದು ಸರಿ ಇದೆ ಸಾರ್’ ಅಂದುಬಿಡುತ್ತಾರೆ. ನೀವು ಅಲ್ಲೇ ನಿಂತು ಬಿಚ್ಚಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ಮಾಡಿದ್ದು. 2017ರ ಗಾಡಿಗೆ ಇನ್ನೂ ಅದರ ಮೂಲ ಟೈರೇ ಇದ್ದರೆ, ಗೀರು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಕಾನೂನು 1.6 ಮಿಲಿಮೀಟರ್ ಗೀರಿದ್ದರೆ ಸಾಕು ಅನ್ನುತ್ತದೆ. ನಮ್ಮ ಕಡೆಯ ಜುಲೈ ಮಳೆಗೆ ಅದು ಸಾಲದು. 3 ಮಿಲಿಮೀಟರ್ ಆದರೂ ಇರಲಿ. ಎರಡೇ ಹೊಸ ಟೈರ್ ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಲಿ. ಬಹಳ ಜನ ಮುಂದಕ್ಕೆ ಹಾಕಿಸುತ್ತಾರೆ. ಸ್ಕಾರ್ಪಿಯೊ ಹಿಂದಿನ ಚಕ್ರದಿಂದ ಓಡುವ ಗಾಡಿ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಹಿಂಭಾಗ ಜಾರಿತು ಅಂದರೆ ಹೊಸಬರಿಗೆ ಹಿಡಿಯಲು ಆಗುವುದಿಲ್ಲ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ತುಂಬಿದ ಗಾಡಿಗೆ ಎಷ್ಟು ಗಾಳಿ ಅಂತ ಗಾಡಿಯ ಪುಸ್ತಕದಲ್ಲಿ ಬೇರೆಯೇ ಕೊಟ್ಟಿರುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಚಿಂತೆ ಹಚ್ಚಿದ್ದು ಒಂದು ಸಣ್ಣ ಮಾತು. ‘ಮಕ್ಕಳು ಹಿಂದಿನ ಅಡ್ಡ ಸೀಟಿನಲ್ಲಿ ಆರಾಮಾಗಿ ಮಲಗಿಕೊಳ್ತಾರೆ’ ಅಂದಿದ್ದೀರಿ. ದಯವಿಟ್ಟು ಬೇಡ. ಆ ಅಡ್ಡ ಸೀಟಿಗೆ ಸರಿಯಾದ ಬೆಲ್ಟ್ ಇಲ್ಲ, ಹಿಂದಿನಿಂದ ಲಾರಿ ಗುದ್ದಿದರೆ ಮೊದಲ ಏಟು ಅಲ್ಲಿಗೇ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಅಂತ 2019ರಲ್ಲಿ ಕಾನೂನಿಗೆ ಸೇರಿಸಿದ್ದಾರೆ. 1,000 ರೂಪಾಯಿ ದಂಡ ದೊಡ್ಡದಲ್ಲ, ಮಕ್ಕಳ ಜೀವ ದೊಡ್ಡದು. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವರದ್ದು ಒಳ್ಳೆಯ, ದುಬಾರಿ ಎಸ್‌ಯುವಿ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಬದುಕಿದರು.

ನೀವು ಆರು ಜನ, ಬೆಲ್ಟ್ ಇರುವ ಜಾಗ ಐದು. ಹಾಗಾಗಿ ದೊಡ್ಡವರಲ್ಲಿ ಒಬ್ಬರು ಬಸ್ಸಿನಲ್ಲಿ ಬರಲಿ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಏನೂ ಬರವಿಲ್ಲ. ಆಗ ಹಿಂಭಾಗ ಪೂರ್ತಿ ಲಗೇಜಿಗೆ ಸಿಗುತ್ತದೆ, ಮೇಲಿನ ಕ್ಯಾರಿಯರ್ ಪ್ರಶ್ನೆಯೇ ಬರುವುದಿಲ್ಲ. ಮೊದಲೇ ಎತ್ತರದ ಗಾಡಿ. ಅದರ ಮೇಲೆ ಸೂಟ್‌ಕೇಸ್ ಕಟ್ಟಿ ತಿರುವಿನಲ್ಲಿ ಓಡಿಸುವುದು ತಲೆ ಮೇಲೆ ತುಂಬಿದ ಕೊಡ ಹೊತ್ತು ಓಡಿದ ಹಾಗೆ. ಒಳಗಿಟ್ಟ ಲಗೇಜೂ ಸೀಟಿನ ಬೆನ್ನಿಗಿಂತ ಎತ್ತರ ಹೋಗದಿರಲಿ. ಭಾರದ್ದು ಕೆಳಗೆ, ಸೀಟಿಗೆ ಒತ್ತಿಕೊಂಡು ಇರಲಿ.

ಕ್ರ್ಯಾಶ್ ಗಾರ್ಡ್ ಬೇಡವೇ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಗಾಡಿಯ ಮೂತಿ ನಜ್ಜುಗುಜ್ಜಾಗಬೇಕು, ಆ ಏಟು ಅಲ್ಲೇ ಮುಗಿಯಬೇಕು. ಕಬ್ಬಿಣದ ಗಾರ್ಡ್ ಆ ಏಟನ್ನು ನೇರ ಚಾಸಿಗೆ, ಒಳಗಿರುವವರಿಗೆ ದಾಟಿಸುತ್ತದೆ. ಏರ್‌ಬ್ಯಾಗ್ ಸೆನ್ಸರ್ ಲೆಕ್ಕ ತಪ್ಪುತ್ತದೆ. ಅಡ್ಡ ಬಂದ ಮನುಷ್ಯನಿಗಂತೂ ಅದು ಸುಮ್ನೆ ಬಂಪರ್ ತಗುಲಿದ ಹಾಗಿರುವುದಿಲ್ಲ.

ಮಂಜಿನ ಬಗ್ಗೆ ಎರಡು ಮಾತು. ಕೊಟ್ಟಿಗೆಹಾರದಿಂದ ಕೆಳಗೆ ಹಗಲಲ್ಲೂ ಹತ್ತು ಮಾರು ದೂರ ಕಾಣದ ದಿನಗಳಿವೆ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಮತ್ತು ಫಾಗ್ ಲ್ಯಾಂಪ್ ಸಾಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ. ನೀವು ನಿಂತಿದ್ದೀರಾ, ತಿರುಗುತ್ತೀರಾ ಅಂತ ಹಿಂದಿನವನಿಗೆ ತಿಳಿಯುವುದಿಲ್ಲ. ಸ್ಕಾರ್ಪಿಯೊದ ಲೈಟ್ ಎತ್ತರದಲ್ಲಿರುವುದರಿಂದ ಎದುರಿನ ಸಣ್ಣ ಕಾರಿನವರ ಕಣ್ಣಿಗೆ ನೇರ ಹೊಡೆಯುತ್ತದೆ. ಗಾಡಿ ತುಂಬಿದಾಗ ಹಿಂಭಾಗ ತಗ್ಗಿ ಬೆಳಕು ಇನ್ನೂ ಮೇಲೇಳುತ್ತದೆ. ಲೈಟ್ ಎತ್ತರ ಹೊಂದಿಸುವ ಗುಂಡಿ ಇದ್ದರೆ ಅದನ್ನು ಕೆಳಗೆ ಇಳಿಸಿ. ವೈಪರ್ ರಬ್ಬರ್ ಹೊಸದು ಹಾಕಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಬಸ್ಸು ಎದುರು ಬಂದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ, ಅದಕ್ಕೆ ತಿರುಗಲು ಪೂರ್ತಿ ರಸ್ತೆ ಬೇಕು. ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಿಯಮವೂ ಹೌದು. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಫೋಟೊ ಬೇಡ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಎತ್ತರದ ಗಾಡಿ ಅಂತ ನುಗ್ಗಬೇಡಿ. ಎರಡು ಅಡಿ ಹರಿಯುವ ನೀರು ಎಸ್‌ಯುವಿಯನ್ನೂ ತೇಲಿಸಿಕೊಂಡು ಹೋಗುತ್ತದೆ. ಅಡಿಯ ರಸ್ತೆ ಕೊಚ್ಚಿಹೋಗಿದೆಯಾ ಅಂತ ಮೇಲಿಂದ ಗೊತ್ತಾಗುವುದೂ ಇಲ್ಲ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ದುಡ್ಡು ಸಿಗುವುದು ಕಷ್ಟ. ಎಂಜಿನ್‌ಗೆ ಅಂತ ಬೇರೆ ಸೇರಿಸಿಕೊಂಡಿರಬೇಕು.

ಇನ್ನು ಮನೆಯಲ್ಲೇ ಮಾಡಬೇಕಾದ ಒಂದು ಕೆಲಸ. ಸ್ಕಾರ್ಪಿಯೊದ ಸ್ಟೆಪ್ನಿ ಹಿಂದೆ, ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತಿರುತ್ತದೆ. ಉದ್ದ ರಾಡ್ ಹಾಕಿ ತಿರುಗಿಸಿದರೆ ಇಳಿಯಬೇಕು. ಹಳೆಯ ಗಾಡಿಗಳಲ್ಲಿ ಅದು ಕೆಸರು ತಿಂದು, ತುಕ್ಕು ಹಿಡಿದು ಅಲುಗಾಡುವುದಿಲ್ಲ. ಒಂದು ಭಾನುವಾರ ಸಮತಟ್ಟು ಜಾಗದಲ್ಲಿ ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಸ್ಟೆಪ್ನಿಗೂ ಗಾಳಿ ತುಂಬಿಸಿ. ಜಾಕ್ ಕೊಟ್ಟು ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಹೆಂಡತಿಗೂ ತೋರಿಸಿಕೊಡಿ. ಘಾಟಿಯಲ್ಲಿ ಪಂಕ್ಚರ್ ಆದರೆ ಇಳಿಜಾರಿನಲ್ಲಿ ಜಾಕ್ ಕೊಡಬೇಡಿ. ನಿಧಾನಕ್ಕೆ ಉರುಳಿಸಿಕೊಂಡು ಸಮ ಜಾಗಕ್ಕೆ ಬನ್ನಿ, ಟೈರ್ ಹಾಳಾದರೆ ಆಗಲಿ.

ಅದೇ ದಿನ ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ಸ್ಟೇರಿಂಗ್, ಚಕ್ರಗಳನ್ನು ಹಿಡಿದಿಡುವ ಟೈ ರಾಡ್, ಬಾಲ್ ಜಾಯಿಂಟ್, ಬುಷ್ ನೋಡಿಸಿದರೆ ಒಳ್ಳೆಯದು. ಡೀಸೆಲ್ ಫಿಲ್ಟರ್‌ನಲ್ಲಿ ನಿಂತ ನೀರನ್ನೂ ತೆಗೆಸಿ. ಊರಿಗೆ ವಾಪಸ್ ಬಂದ ಮೇಲೆ ಅಡಿಭಾಗ ಚೆನ್ನಾಗಿ ತೊಳೆಸಿ, ಕೆಸರು ಕೂತಲ್ಲೇ ಚಾಸಿ ತುಕ್ಕು ಹಿಡಿಯುವುದು.

ಮಕ್ಕಳಿರುವ ಮನೆ ಅಂತ ಇದೊಂದು ಹೇಳಲೇಬೇಕು. ಈ ಗಾಡಿಯ ಹಿಂದೆ ನಿಂತ ಪುಟ್ಟ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ, ಬಾನೆಟ್ ಮುಂದೆ ಕೂತರೂ ಕಾಣುವುದಿಲ್ಲ. ಅಂಗಳದಲ್ಲಿ, ಛತ್ರದ ಮುಂದೆ ರಿವರ್ಸ್ ತೆಗೆಯುವ ಮೊದಲು ಮಕ್ಕಳೆಲ್ಲ ಯಾರ ಕೈಯಲ್ಲಿದ್ದಾರೆ ಅಂತ ಕೂಗಿ ಕೇಳಿ. ಟೈರ್, ಬ್ರೇಕ್ ಆದ ಮೇಲೆ ಕ್ರ್ಯಾಶ್ ಗಾರ್ಡ್‌ನ ದುಡ್ಡು ಉಳಿದರೆ ರಿವರ್ಸ್ ಕ್ಯಾಮೆರಾ ಹಾಕಿಸಿ, ಅದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ.

ಹೊರಡುವ ಹಿಂದಿನ ದಿನ ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಮಳೆ ಎಚ್ಚರಿಕೆ ನೋಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ಶಿರಾಡಿಯಲ್ಲೂ ಕುಸಿದಿತ್ತು. ಹಾಗಾಗಿ ಇದು ಬಂದ್ ಆದರೆ ಅದರಲ್ಲಿ ಹೋಗೋಣ ಅನ್ನುವ ಲೆಕ್ಕ ಯಾವಾಗಲೂ ನಡೆಯುವುದಿಲ್ಲ. ರೆಡ್ ಅಲರ್ಟ್ ಇದ್ದರೆ ಪ್ರಯಾಣ ಮುಂದೂಡಿ. ಇಲ್ಲದಿದ್ದರೆ ಬೆಂಗಳೂರನ್ನು ನಸುಕಿನಲ್ಲೇ ಬಿಡಿ, ಮಧ್ಯಾಹ್ನದೊಳಗೆ ಘಾಟಿ ಇಳಿದಿರುತ್ತೀರಿ. ಕೊಟ್ಟಿಗೆಹಾರದಲ್ಲಿ ಹತ್ತಿ ಬಂದ ಯಾವ ಡ್ರೈವರನ್ನಾದರೂ ಕೇಳಿ, ಕೆಳಗೆ ರಸ್ತೆ ಹೇಗಿದೆ ಅಂತ ಆ ಹೊತ್ತಿನ ನಿಜ ಸ್ಥಿತಿಯನ್ನೇ ಹೇಳುತ್ತಾರೆ.